ನನ್ನ ಗಾಳಿಪಟದ ಕಪಾಟು: ಒಂದೊಂದು ಗಾಳಿಗೆ ಒಂದೊಂದು ಪಟ

ಗಾಳಿಗುಂಗು

ಹೋದ ವಾರ ಇಲ್ಲೇ ಒಬ್ಬರು ಕೇಳಿದ್ದರು, ಒಬ್ಬ ಮನುಷ್ಯನಿಗೆ ಇಷ್ಟೊಂದು ಗಾಳಿಪಟ ಯಾಕೆ, ಒಂದು ಸಾಲದಾ ಅಂತ. ಸಾಲದು. ಗಾಳಿ ದಿನಾ ಒಂದೇ ಥರ ಬೀಸುವುದಿಲ್ಲವಲ್ಲ. ನಾನು ಬಣ್ಣ ನೋಡಿ ಪಟ ಕೂಡಿಹಾಕುವವನಲ್ಲ. ಕಪಾಟಿನಲ್ಲಿರುವ ಪ್ರತಿ ಪಟಕ್ಕೂ ಅದರದ್ದೇ ಒಂದು ಗಾಳಿ ಇದೆ. ಆ ಗಾಳಿಗೆ ಈಗಾಗಲೇ ಒಂದಿದ್ದರೆ ಇನ್ನೊಂದು ತರುವುದಿಲ್ಲ, ಇದೊಂದೇ ನನ್ನ ನಿಯಮ. (ಈ ನಿಯಮವನ್ನು ನಮ್ಮ ಮನೆಯಲ್ಲಿ ನನ್ನ ಬಿಟ್ಟು ಯಾರೂ ನಂಬುವುದಿಲ್ಲ.)

ಮೊದಲು ಒಂದು ದಾರದವು. ಬೆಂಗಳೂರಿನ ಜನವರಿಯಲ್ಲಿ ಎಲೆ ಅಲ್ಲಾಡಿತೋ ಇಲ್ಲವೋ ಅನ್ನುವಂಥ ಗಾಳಿ ಇರುತ್ತದಲ್ಲ, ಅದಕ್ಕೆ ಡೆಲ್ಟಾ. ತ್ರಿಕೋನದ ಪಟ, ಹೊಟ್ಟೆಯ ಕೆಳಗೆ ಇನ್ನೊಂದು ಸಣ್ಣ ತ್ರಿಕೋನದ ಬಟ್ಟೆ, ಅದಕ್ಕೆ ಕೀಲ್ ಅಂತಾರೆ. ಸೂತ್ರ, ಅಂದರೆ ಪಟವನ್ನು ಹಾರಿಸುವ ದಾರಕ್ಕೆ ಸೇರಿಸುವ ಕಟ್ಟುದಾರ, ಅದನ್ನು ಕಟ್ಟುವ ರಗಳೆ ಇಲ್ಲ. ಕೀಲ್ ತುದಿಯ ತೂತಿಗೆ ದಾರ ಕಟ್ಟಿದರೆ ಕೆಲಸ ಮುಗಿಯಿತು. ಹೆಚ್ಚುಕಡಿಮೆ ನೆತ್ತಿಯ ಮೇಲೆ ಬಂದು ನಿಲ್ಲುತ್ತದೆ. ಬಿಸಿಗಾಳಿ ಏಳುವ ಕಡೆ ಸಿಕ್ಕಿಬಿಟ್ಟರೆ ದಾರ ಸಡಿಲವಾಗಿ ಜೋತುಬಿದ್ದರೂ ಪಟ ಮೇಲಕ್ಕೇ ಹೋಗುತ್ತಿರುತ್ತದೆ.

ಮಧ್ಯಮ ಗಾಳಿಗೆ ರೊಕ್ಕಾಕು. ಜಪಾನಿನ ನೀಗಾಟ ಕಡೆಯ ಆರು ಮೂಲೆಯ ಪಟ. ಎತ್ತರ 5 ಪಾಲಾದರೆ ಅಗಲ 4 ಪಾಲು. ಬೆನ್ನುಕಡ್ಡಿ ಒಂದು, ಅಡ್ಡಕಡ್ಡಿ ಎರಡು, ನಾಲ್ಕು ಕಾಲಿನ, ಅಂದರೆ ನಾಲ್ಕು ಎಳೆಯ ಸೂತ್ರ. ನನ್ನದು 6 ಅಡಿ ಎತ್ತರದ್ದು. ಅಡ್ಡಕಡ್ಡಿಗಳನ್ನು ಹಿಂದಿನಿಂದ ದಾರ ಬಿಗಿದು ಬಾಗಿಸಬೇಕು, ಗಾಳಿ ಜಾಸ್ತಿ ಆದಷ್ಟೂ ಬಾಗು ಜಾಸ್ತಿ. ಆ ಬಾಗು ಸರಿಯಾಗಿದ್ದರೆ ಬಾಲಂಗೋಚಿ ಬೇಕಾಗುವುದಿಲ್ಲ. ಒಮ್ಮೆ ಮೇಲೆ ನಿಂತಿತು ಅಂದರೆ ಬ್ಯಾಗಿಗೆ ದಾರ ಕಟ್ಟಿ ಟೀ ಕುಡಿದು ಬರಬಹುದು. ನೋಡಲು ಇಷ್ಟು ಸಾಧುವಾದ ಪಟವನ್ನು ಅವರ ಊರಲ್ಲಿ ಜಗಳಕ್ಕೆ ಇಡುತ್ತಾರೆ! ನೀಗಾಟದ ಸಾಂಜೋದಲ್ಲಿ ಇವತ್ತಿಗೂ ಜೂನ್ ತಿಂಗಳಲ್ಲಿ ತಂಡ ಕಟ್ಟಿಕೊಂಡು ಇದೇ ಪಟಗಳಲ್ಲಿ ಹೊಡೆದಾಡುತ್ತಾರೆ.

ಜೋರು ಗಾಳಿಗೆ ಎರಡಿವೆ. ಒಂದು ಪ್ಯಾರಾಫಾಯಿಲ್. ಕಡ್ಡಿಯೇ ಇಲ್ಲ, ಬಟ್ಟೆಯ ಗೂಡುಗಳಿಗೆ ಗಾಳಿ ತುಂಬಿಕೊಂಡು ರೆಕ್ಕೆಯ ಆಕಾರ ಬರುತ್ತದೆ. 1960ರ ದಶಕದಲ್ಲಿ ಅಮೆರಿಕದ ಡೊಮಿನಾ ಜಾಲ್ಬರ್ಟ್ ಮಾಡಿದ್ದು. ಈಗಿನ ಸ್ಕೈಡೈವಿಂಗ್ ಪ್ಯಾರಾಚೂಟುಗಳ ಮೂಲವೂ ಅದೇ. ಮಡಚಿದರೆ ಟಿಫನ್ ಬ್ಯಾಗಿನಲ್ಲಿ ಹಿಡಿಸುತ್ತದೆ. ಇನ್ನೊಂದು ಹಾರ್ಗ್ರೇವ್ ಬಾಕ್ಸ್, ನಾನೇ ಹೊಲಿದದ್ದು, ತಂದದ್ದಲ್ಲ. ಲಾರೆನ್ಸ್ ಹಾರ್ಗ್ರೇವ್ ಆಸ್ಟ್ರೇಲಿಯಾದ ಸ್ಟಾನ್‌ವೆಲ್ ಪಾರ್ಕ್ ಕಡಲ ತೀರದಲ್ಲಿ 1894ರ ನವೆಂಬರ್‌ನಲ್ಲಿ ಇಂಥ ನಾಲ್ಕು ಪೆಟ್ಟಿಗೆ ಪಟ ಒಂದರ ಕೆಳಗೊಂದು ಕಟ್ಟಿ ತಾನೇ 16 ಅಡಿ ಮೇಲಕ್ಕೆ ಹೋಗಿದ್ದ. ರೈಟ್ ಸೋದರರಿಗಿಂತ ಒಂಬತ್ತು ವರ್ಷ ಮೊದಲು. ಆಷಾಢದಲ್ಲಿ ನನ್ನ ಬಾಕ್ಸ್ ಹಾಕುವ ಎಳೆತ ನೋಡಿದಾಗಲೆಲ್ಲ ಆತನ ಧೈರ್ಯಕ್ಕೆ ದೊಡ್ಡ ನಮಸ್ಕಾರ ಅನಿಸುತ್ತದೆ.

ಇನ್ನು ಸ್ಪೋರ್ಟ್ ಕೈಟ್‌ಗಳು. ಎರಡು ದಾರ, ಕೈಗೊಂದು. ಬಲಗೈ ಎಳೆದರೆ ಬಲಕ್ಕೆ, ಎಡಗೈ ಎಳೆದರೆ ಎಡಕ್ಕೆ. ನನ್ನ ಹತ್ತಿರ ಮೂರಿವೆ, ನೋಡಲು ಮೂರೂ ಒಂದೇ ಥರ, ಎಲ್ಲರೂ ನಗುವುದು ಇಲ್ಲೇ. ಕೈಗೆತ್ತಿಕೊಂಡರೆ ವ್ಯತ್ಯಾಸ ಗೊತ್ತಾಗುತ್ತದೆ. ಒಂದು ಅಲ್ಟ್ರಾಲೈಟ್. ತೆಳ್ಳನೆ ಕಾರ್ಬನ್ ಕಡ್ಡಿ, ಐಕಾರೆಕ್ಸ್ ಅನ್ನುವ ಹಗುರ ಪಾಲಿಯೆಸ್ಟರ್ ಬಟ್ಟೆ. ಗಾಳಿ ಗಂಟೆಗೆ 5 ಕಿ.ಮೀ. ಇದ್ದರೂ ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದರೆ ಏಳುತ್ತದೆ, ಆದರೆ ಗಾಳಿ 15 ದಾಟಿದರೆ ಕಡ್ಡಿ ಬಾಗತೊಡಗುತ್ತದೆ, ಇಳಿಸಿಬಿಡಬೇಕು. ಎರಡನೆಯದು ಪ್ರಿಸಂ ಕಂಪನಿಯ ಕ್ವಾಂಟಮ್, ಒರಟಾಗಿ ಬಳಸಿದರೂ ಸಹಿಸಿಕೊಳ್ಳುವ ಪಟ. ಮೂರನೆಯದು ವೆಂಟೆಡ್, ಅಂದರೆ ರೆಕ್ಕೆಯ ಮುಂಭಾಗದಲ್ಲಿ ಬಟ್ಟೆಯ ಬದಲು ಜಾಲರಿ. ಗಾಳಿ ಜಾಲರಿಯಲ್ಲಿ ಸೋರಿಹೋಗುವುದರಿಂದ 35 ಕಿ.ಮೀ. ಗಾಳಿಯಲ್ಲೂ ಕೈ ಕಿತ್ತುಬರುವುದಿಲ್ಲ.

ನಾಲ್ಕು ದಾರದ್ದು ಒಂದೇ: ರೆವಲ್ಯೂಷನ್. 1980ರ ದಶಕದ ಕೊನೆಯಲ್ಲಿ ಸ್ಯಾನ್ ಡಿಯಾಗೋದ ಹಾಡ್ಜಿಕಿ ಸೋದರರು ತಂದ ವಿನ್ಯಾಸ. ಎರಡು ಕೈಗೆ ಎರಡು ಹಿಡಿ, ಪ್ರತಿ ಹಿಡಿಯ ಮೇಲ್ತುದಿಗೊಂದು ಕೆಳತುದಿಗೊಂದು ದಾರ. ಕೆಳತುದಿ ಎಳೆದರೆ ಬ್ರೇಕು, ಇನ್ನೂ ಎಳೆದರೆ ರಿವರ್ಸು. ತಲೆಕೆಳಗಾಗಿ ಒಂದೇ ಕಡೆ ನಿಲ್ಲಿಸಬಹುದು, ಅಡ್ಡಡ್ಡ ನಡೆಸಬಹುದು, ಹಿಂದಕ್ಕೆ ತೆಗೆದುಕೊಂಡು ಹೋಗಬಹುದು.

ಇವಿಷ್ಟರ ಜೊತೆಗೆ ಒಂದು ಕಟ್ಟು ಕಾಗದದ ಪಟ. ಪ್ರಶ್ನೆ ಇದ್ದರೆ ಕೇಳಿ.

ಮಗ್ಗದ ಬೀದಿ

ಎಲ್ಲ ಸರಿ ಸಾರ್, ಆದರೆ ಕಾಗದದ ಪಟಕ್ಕೆ ಕೊನೇ ಸಾಲು ಕೊಟ್ಟಿರಲ್ಲ, ಬೇಜಾರಾಯಿತು. ನಮ್ಮದು ದೊಡ್ಡಬಳ್ಳಾಪುರ. ಆಷಾಢದಲ್ಲಿ ನಮ್ಮೂರಿಗೆ ಬಂದು ನೋಡಿ, ಆಮೇಲೆ ಮಾತಾಡೋಣ.

ನೀವು ಎರಡು ದಾರ, ನಾಲ್ಕು ದಾರ ಅಂತ ಬರೆದಿದ್ದೀರಿ. ನಮ್ಮ ಪಟಕ್ಕೆ ದಾರ ಒಂದೇ, ಆದರೂ ಎಡಕ್ಕೆ ಬಲಕ್ಕೆ ಮೇಲೆ ಕೆಳಗೆ ಎಲ್ಲ ಕಡೆ ಓಡಿಸುತ್ತೇವೆ. ಹೇಗೆ ಅಂದರೆ, ದಾರ ಬಿಗಿಯಾಗಿ ಎಳೆದಾಗ ಕಾಮಾನು, ಅಂದರೆ ಬಿಲ್ಲಿನಂಥ ಅಡ್ಡಕಡ್ಡಿ, ಹಿಂದಕ್ಕೆ ಬಾಗುತ್ತದೆ, ಆಗ ಪಟ ತನ್ನ ಮೂತಿ ಯಾವ ಕಡೆ ಇದೆಯೋ ಆ ಕಡೆಗೆ ನೆಟ್ಟಗೆ ಹೊರಡುತ್ತದೆ. ದಾರ ಸಡಿಲ ಬಿಟ್ಟರೆ ಕಾಮಾನು ವಾಪಸ್ ನೇರ ಆಗುತ್ತದೆ, ಪಟ ಚಪ್ಪಟೆಯಾಗುತ್ತದೆ, ಹಿಡಿತ ತಪ್ಪಿ ಗಿರಗಿರ ತಿರುಗಲು ಶುರು ಮಾಡುತ್ತದೆ. ಮೂತಿ ನಮಗೆ ಬೇಕಾದ ಕಡೆ ಬಂದ ತಕ್ಷಣ ಮತ್ತೆ ಎಳೆಯಬೇಕು. ಇಷ್ಟೇ ಸ್ಟೀರಿಂಗು. ಕೆಳಗೆ ಮೂತಿ ಮಾಡಿದಾಗ ಎಳೆದರೆ ಗೋತಾ ಹೊಡೆಯುತ್ತದೆ, ನೆಲ ಮುಟ್ಟುವ ಮೊದಲು ಸಡಿಲ ಬಿಟ್ಟು ತಿರುಗಿಸಿ ಎತ್ತಬೇಕು.

ಕಾಮಾನು ಎರಡೂ ತುದಿಗೆ ಹೋಗುತ್ತ ತೆಳ್ಳಗಾಗುವಂತೆ ಬಿದಿರನ್ನು ಹೆರೆಯಬೇಕು. ಹೆರೆದ ಮೇಲೆ ನಡುವಿಗೆ ಬೆರಳಿಟ್ಟು ತೂಗಿ ನೋಡಬೇಕು. ಒಂದು ಕಡೆ ವಾಲಿದರೆ ಆ ಕಡೆ ಇನ್ನೊಂದು ಚೂರು ಹೆರೆಯಬೇಕು. ಪಟ ಹಾರಿಸುವಾಗಲೂ ವಾಲುತ್ತಿದ್ದರೆ ಎದುರು ಬದಿಯ ಕಾಮಾನು ತುದಿಗೆ ದಾರ ನಾಲ್ಕು ಸುತ್ತು ಸುತ್ತಿದರೆ ಸರಿಹೋಗುತ್ತದೆ. ನಿಮ್ಮ ಕಾರ್ಬನ್ ಪಟಕ್ಕೆ ಈ ರಿಪೇರಿ ಉಂಟಾ?

ಗಾಳಿಗುಂಗು

@ಮಗ್ಗದ ಬೀದಿ, ಕೊನೇ ಸಾಲು ಅಂದರೆ ಕೊನೇ ಸ್ಥಾನ ಅಲ್ಲ ಅಣ್ಣಾ! ನೀವು ಬರೆದ ಹಾಗೆ ಬರೆಯಲು ನನಗೆ ಬರುತ್ತಿರಲಿಲ್ಲ, ಅದಕ್ಕೆ ಬಿಟ್ಟೆ. ಸ್ಪೋರ್ಟ್ ಕೈಟ್‌ನ ಆಟಗಳಲ್ಲೂ ಗುಟ್ಟು ಅದೇ ಸಡಿಲ. ಹೊಸಬರು ದಾರವನ್ನು ಸದಾ ಬಿಗಿಯಾಗಿ ಹಿಡಿದು ಬರೀ ಸುತ್ತು ಹೊಡೆಸುತ್ತಾರೆ. ಆಕ್ಸಲ್ ಅಂತ ಒಂದು ಆಟ ಇದೆ, ಪಟವನ್ನು ಗಾಳಿಯಲ್ಲಿ ನಿಲ್ಲಿಸಿ, ಒಂದು ಕೈಯಲ್ಲಿ ಚಿಟಿಕೆ ಹೊಡೆದಷ್ಟು ಎಳೆದು, ಆ ಕೂಡಲೇ ಎರಡೂ ಕೈ ಮುಂದಕ್ಕೆ ಕೊಟ್ಟುಬಿಡಬೇಕು. ಆಗ ಪಟ ನೆಲಕ್ಕೆ ಸಮನಾಗಿ ಮಲಗಿ ಒಂದು ಸುತ್ತು ತಿರುಗುತ್ತದೆ. ಕೈ ಮುಂದೆ ಕೊಡದಿದ್ದರೆ ದಾರ ಪಟದ ತುದಿಗೆ ಸುತ್ತಿಕೊಂಡು ಕಲ್ಲು ಬಿದ್ದ ಹಾಗೆ ಬೀಳುತ್ತದೆ. ಫೇಡ್ ಅನ್ನುವ ಇನ್ನೊಂದು ಆಟದಲ್ಲಿ ಪಟ ಅಂಗಾತ ಮಲಗಿ ಮೂತಿ ನಮ್ಮ ಕಡೆ ಮಾಡಿ ತೇಲುತ್ತದೆ, ಅಲ್ಲಿ ಕೈಗೆ ಎಳೆತ ಇದೆಯೋ ಇಲ್ಲವೋ ಅನ್ನುವಷ್ಟು. ಸಣ್ಣವರಿದ್ದಾಗ ಕಾಗದದ ಪಟ ಹಾರಿಸಿದವರು ಇದನ್ನು ಬೇಗ ಕಲಿಯುತ್ತಾರೆ.

ಲೆಕ್ಕದ ಪುಸ್ತಕ

ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಕಾರ್ಬನ್ ಪಟದ ದುಡ್ಡಿನಲ್ಲಿ ಕಾಗದದ ಪಟ ಇಡೀ ಬೀದಿಗೆ ಹಂಚಬಹುದು. ಶೋಕಿ ಅಲ್ವಾ ಇದು?

ಗಾಳಿಗುಂಗು

ಶೋಕಿಯೇ. ಬೇರೆ ಹೆಸರು ಯಾಕೆ ಇಡಬೇಕು? ಆದರೆ ಬಹುಪಾಲು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ವಿದೇಶದಿಂದ ಬರುವ ಪರಿಚಯದವರ ಕೈಲಿ ತರಿಸುತ್ತೇನೆ. ಕೊರಿಯರ್‌ನಲ್ಲಿ ತರಿಸಿದರೆ ಸುಂಕ ಬೇರೆ, ಉದ್ದ ಪೊಟ್ಟಣ ಅಂತ ಸಾಗಣೆ ಖರ್ಚು ಬೇರೆ. ಕಡ್ಡಿ ಮುರಿದರೆ ಇಡೀ ಪಟ ಎಸೆಯುವುದಿಲ್ಲ, ಏರೋಮಾಡೆಲಿಂಗ್ ಸಾಮಾನು ಮಾರುವ ಕಡೆ ಅದೇ ದಪ್ಪದ ಕಾರ್ಬನ್ ಕೊಳವೆ ಸಿಗುತ್ತದೆ. ಸಣ್ಣ ಹಲ್ಲಿನ ಗರಗಸದಲ್ಲಿ ಕೊಯ್ದು, ತುದಿಗೆ ಒಂದು ತೊಟ್ಟು ಸೂಪರ್ ಗ್ಲೂ ಹಾಕಿ ಒಣಗಿಸಿ, ಆಮೇಲೆ ಉಪ್ಪುಕಾಗದದಲ್ಲಿ ಉಜ್ಜಬೇಕು. ಹಾಗೇ ಕೊಯ್ದರೆ ಎಳೆ ಎಳೆ ಸೀಳಿ ಬೆರಳಿಗೆ ಚುಚ್ಚಿಕೊಳ್ಳುತ್ತದೆ, ಕಾರ್ಬನ್ ಸಿಬರು ತೆಗೆಯುವುದು ತುಂಬಾ ಕಷ್ಟ. ಕೊಯ್ಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಕಡಲ ಕರೆ

ಮಾರಾಯ್ರೆ, ಬೆಂಗಳೂರಲ್ಲಿ ಕೂತು ಗಾಳಿಗೊಂದು ಪಟ ಅಂತ ಲೆಕ್ಕ ಹಾಕಬೇಕಾಗಿ ಬಂದದ್ದೇ ಅಲ್ಲಿಯ ಗಾಳಿ ಸರಿ ಇಲ್ಲ ಅಂತ. ಇಲ್ಲಿ ಪಣಂಬೂರಿಗೆ ಬನ್ನಿ. ಬೇಸಗೆಯಲ್ಲಿ ನೆಲ ಕಾದ ಮೇಲೆ ಮಧ್ಯಾಹ್ನದಿಂದ ಸಮುದ್ರದ ಗಾಳಿ ಹಿಡಿಯುತ್ತದೆ, ನೀರಿನ ಮೇಲಿಂದ ಬರುವುದರಿಂದ ಅಡೆತಡೆ ಇಲ್ಲ, ಸಂಜೆಯವರೆಗೆ ಒಂದೇ ಹದ. ನನ್ನ ಹತ್ತಿರ ಎರಡೇ ಪಟ ಇರುವುದು, ಅವೇ ಸಾಕು. ಟೀಮ್ ಮಂಗಳೂರು ಅನ್ನುವ ಗಾಳಿಪಟ ತಂಡದವರು ಕಥಕ್ಕಳಿ, ಯಕ್ಷಗಾನದ ಆ ದೊಡ್ಡ ದೊಡ್ಡ ಪಟಗಳನ್ನು ಏರಿಸಿದ್ದು ಇದೇ ಗಾಳಿಯಲ್ಲಿ.

ಒಂದೇ ಕಿರಿಕಿರಿ, ಉಪ್ಪು ಮತ್ತು ಹೊಯಿಗೆ. ಹಾರಿಸಿ ಬಂದ ಮೇಲೆ ದಾರವನ್ನು ಸಿಹಿನೀರಲ್ಲಿ ಅದ್ದಿ ನೆರಳಲ್ಲಿ ಒಣಗಿಸಬೇಕು. ಹೊಯಿಗೆ ದಾರದ ಹೆಣಿಗೆಯೊಳಗೆ ಕೂತರೆ ಒಳಗಿಂದಲೇ ತೇಯುತ್ತದೆ. ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದೆ ಇಡುವುದು ಇನ್ನೊಂದು ಸಾಹಸ.

ಗಾಳಿಗುಂಗು

@ಕಡಲ ಕರೆ, ಹೊಟ್ಟೆ ಉರಿಸಬೇಡಿ! ನೀವು ಹೇಳಿದ್ದು ನಿಜ. ಇಲ್ಲಿ ಗಾಳಿ ಮರಕ್ಕೆ, ಅಪಾರ್ಟ್‌ಮೆಂಟಿಗೆ ಡಿಕ್ಕಿ ಹೊಡೆದು ಮುರಿದು ಬರುತ್ತದೆ. ಒಮ್ಮೆ ಜಗ್ಗುತ್ತದೆ, ಮರುಕ್ಷಣ ಇಲ್ಲವೇ ಇಲ್ಲ. ಕಟ್ಟಡ ಎಷ್ಟು ಎತ್ತರವೋ ಅದರ ಹತ್ತರಷ್ಟು ದೂರ ಬಿಟ್ಟು ನಿಲ್ಲಬೇಕು ಅಂತ ಒಂದು ಅಂದಾಜು ಇದೆ, ಅಷ್ಟು ಬಯಲು ಈ ಊರಲ್ಲಿ ಎಲ್ಲಿ ಉಳಿದಿದೆ? ಅದಕ್ಕೇ ಇಲ್ಲಿ ಅಲ್ಟ್ರಾಲೈಟ್ ಜಾಸ್ತಿ ಕೆಲಸಕ್ಕೆ ಬರುತ್ತದೆ, ವೆಂಟೆಡ್ ಹೊರಗೆ ಬರುವುದು ಆಷಾಢದಲ್ಲಿ ಮಾತ್ರ.

ಅರಳೀಕಟ್ಟೆ

ಮಗಳಿಗೆ ಎಂಟು ವರ್ಷ. ಎರಡು ದಾರದ್ದೇ ಬೇಕು ಅಂತ ಹಟ. ಮೊದಲ ಪಟ ಯಾವುದು ಕೊಡಿಸಲಿ? ಹಾಸನದಲ್ಲಿದ್ದೇವೆ.

ಗಾಳಿಗುಂಗು

ಮೇಡಂ, ಕಡ್ಡಿ ಇಲ್ಲದ ಸಣ್ಣ ಫಾಯಿಲ್ ಕೊಡಿಸಿ. ಎಚ್‌ಕ್ಯೂ ಕಂಪನಿಯ ಸಿಂಫನಿ ಬೀಚ್ 1.3 ಥರದ್ದು. ಮೂತಿ ಕೆಳಗಾಗಿ ಬಿದ್ದರೂ ಮುರಿಯಲು ಅದರಲ್ಲಿ ಏನೂ ಇಲ್ಲ. ಆದರೆ ಇದಕ್ಕೆ ಸ್ವಲ್ಪ ಗಾಳಿ ಬೇಕು, ಬಾವುಟ ಪೂರ್ತಿ ಬಿಚ್ಚಿಕೊಳ್ಳುವಷ್ಟು. ಎರಡು ದಾರವೂ ಒಂದೇ ಅಳತೆ ಇರಲಿ, ಅರ್ಧ ಗೇಣು ವ್ಯತ್ಯಾಸ ಇದ್ದರೂ ಪಟ ಒಂದೇ ಕಡೆ ಸುತ್ತುತ್ತದೆ, ಮಗು ತನಗೆ ಬರುವುದಿಲ್ಲ ಅಂದುಕೊಳ್ಳುತ್ತದೆ. ಕೈ ತಲೆಯ ಮೇಲೆ ಎತ್ತದೆ ಸೊಂಟದ ಹತ್ತಿರ ಇಟ್ಟುಕೊಳ್ಳಲು ಹೇಳಿ. ದಾರ ಸುತ್ತಿಕೊಂಡಿತು ಅಂತ ಗಾಬರಿ ಬೇಡ. ಡೈನೀಮಾ ಅನ್ನುವ ಸಿಂಥೆಟಿಕ್ ದಾರ ಬಹಳ ಜಾರು, ಏಳೆಂಟು ಸುತ್ತು ಬಿದ್ದರೂ ಎಡಬಲ ಎಳೆದಾಗ ಪಟ ಮಾತು ಕೇಳುತ್ತದೆ. ಎದುರು ದಿಕ್ಕಿಗೆ ಅಷ್ಟೇ ಸುತ್ತು ಹೊಡೆಸಿದರೆ ಬಿಚ್ಚಿಕೊಳ್ಳುತ್ತದೆ.

ಕೊಲ್ಲಿಗಾಳಿ

ಕ್ಯಾಲಿಫೋರ್ನಿಯಾದಿಂದ ನಮಸ್ಕಾರ. ನಾನು ಹಾರಿಸುವುದು ಬರ್ಕ್ಲಿಯ ಸೀಸರ್ ಚಾವೆಜ್ ಪಾರ್ಕಿನಲ್ಲಿ. ಮೊದಲು ಅದು ಊರಿನ ಕಸ ತುಂಬುವ ಜಾಗ, ಈಗ ಹುಲ್ಲಿನ ಗುಡ್ಡ. ಗೋಲ್ಡನ್ ಗೇಟ್ ಕಡೆಯಿಂದ ಗಾಳಿ ನೇರ ನುಗ್ಗುತ್ತದೆ. ಇಲ್ಲಿ ನಾಲ್ಕು ದಾರದ ಪಟಗಳನ್ನು ತಂಡವಾಗಿ ಹಾರಿಸುವುದನ್ನು ನೋಡಬೇಕು, ಒಬ್ಬರು ಕೂಗಿ ಹೇಳಿದಂತೆ ಎಲ್ಲ ಪಟಗಳೂ ಒಟ್ಟಿಗೆ ತಿರುಗುತ್ತವೆ.

ಸ್ಪೋರ್ಟ್ ಕೈಟ್‌ನ ಇತಿಹಾಸ ಯಾರೂ ಹೇಳಲಿಲ್ಲ, ಅದಕ್ಕೆ ಎರಡು ಮಾತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಯ ಪಾಲ್ ಗಾರ್ಬರ್ ಚುಕ್ಕಾಣಿ ಇರುವ ಎರಡು ದಾರದ ಪಟ ಮಾಡಿದ್ದರು. ಅದರ ಮೇಲೆ ಶತ್ರು ವಿಮಾನದ ಚಿತ್ರ. ಹಡಗಿನ ಗನ್ನರ್‌ಗಳು ಅದಕ್ಕೆ ಗುರಿಯಿಟ್ಟು ಹೊಡೆದು ಅಭ್ಯಾಸ ಮಾಡುತ್ತಿದ್ದರು. ಅದೇ ಗಾರ್ಬರ್ ಸ್ಮಿತ್ಸೋನಿಯನ್ ವಿಮಾನ ಸಂಗ್ರಹಾಲಯವನ್ನು ಕಟ್ಟಿದವರಲ್ಲಿ ಒಬ್ಬರು. ಆಮೇಲೆ 1972ರಲ್ಲಿ ಇಂಗ್ಲೆಂಡಿನ ಪೀಟರ್ ಪವೆಲ್ ತಮ್ಮ ಸ್ಟಂಟರ್ ತಂದರು, ಪ್ಲಾಸ್ಟಿಕ್ ಕೊಳವೆಯ ಉದ್ದ ಬಾಲ, ಪಟ ತಿರುಗಿದ ಕಡೆಯೆಲ್ಲ ಬಾಲ ಆಕಾಶದಲ್ಲಿ ಗೆರೆ ಎಳೆಯುತ್ತಿತ್ತು. ನಿಮ್ಮ ಕಪಾಟಿನಲ್ಲಿ ಅದೊಂದು ಇಲ್ಲದ್ದು ಕೊರತೆ.

ಗಾಳಿಗುಂಗು

ಅದಕ್ಕೆ ಯಾವ ಗಾಳಿ ಅಂತ ಹೇಳಿ, ತರುತ್ತೇನೆ. ಕ್ವಾಂಟಮ್ ಹಾರುವ ಗಾಳಿಯಲ್ಲೇ ಅದೂ ಹಾರುವುದಾದರೆ ನಿಯಮ ಮುರಿಯುತ್ತದೆ.

ಕೊಲ್ಲಿಗಾಳಿ

ಬಾಲ ಕಟ್ಟಿ ಹಾರಿಸುವ ಗಾಳಿ ಅಂತ ಇನ್ನೊಂದು ಸಾಲು ಸೇರಿಸಿಕೊಳ್ಳಿ ಸ್ವಾಮಿ. ನಿಯಮ ನಿಮ್ಮದೇ ತಾನೇ.

ಹದ್ದಿನ ಕಣ್ಣು

ಸಂಭ್ರಮದ ನಡುವೆ ಒಂದು ಮಾತು. ಹಕ್ಕಿಗಳನ್ನು ಬಿಡಿಸುವ ಕೆಲಸಕ್ಕೆ ನಾನು ಸ್ವಯಂಸೇವಕ. ಬೆಂಗಳೂರಲ್ಲಿ ಆಷಾಢ ಬಂದರೆ ಮರದ ತುದಿಯಲ್ಲಿ ದಾರಕ್ಕೆ ರೆಕ್ಕೆ ಸಿಕ್ಕಿ ನೇತಾಡುವ ಹದ್ದುಗಳ ಕರೆಗಳು ಶುರುವಾಗುತ್ತವೆ. ನೈಲಾನ್ ಮಾಂಜಾವನ್ನು (ಗಾಜಿನ ಪುಡಿ ಹಚ್ಚಿದ ಹರಿತ ದಾರ) ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ, ಆದರೂ ಕದ್ದು ಮಾರುವುದು ನಿಂತಿಲ್ಲ. ಬೈಕಿನಲ್ಲಿ ಹೋಗುವವರ ಕುತ್ತಿಗೆಗೂ ಅದೇ ದಾರ. ದಯವಿಟ್ಟು ಹೆಸರಘಟ್ಟದ ಹುಲ್ಲುಗಾವಲಿಗೆ ಯಾರೂ ಪಟ ತೆಗೆದುಕೊಂಡು ಹೋಗಬೇಡಿ, ಅಲ್ಲಿ ನೆಲದಲ್ಲೇ ಗೂಡು ಕಟ್ಟುವ ಹಕ್ಕಿಗಳಿವೆ.

ಮಗ್ಗದ ಬೀದಿ

ಒಪ್ಪುತ್ತೇನೆ. ನಮ್ಮ ಕಡೆ ಹಳಬರು ಆ ನೈಲಾನನ್ನು ಕೈಯಲ್ಲೂ ಮುಟ್ಟುವುದಿಲ್ಲ. ಪೇಚಿನ, ಅಂದರೆ ಒಬ್ಬರ ದಾರ ಇನ್ನೊಬ್ಬರು ಕತ್ತರಿಸುವ ಆಟದ ಮಜಾ ಇರುವುದು ಹತ್ತಿದಾರದಲ್ಲಿ. ಎದುರಾಳಿಯ ದಾರದ ಮೇಲೆ ನಮ್ಮದನ್ನು ಹಾಕಿ ಢೀಲು (ಸಡಿಲ) ಬಿಟ್ಟರೆ ನಮ್ಮ ದಾರ ಉದ್ದಕ್ಕೂ ಓಡುತ್ತದೆ, ಅವನದು ಒಂದೇ ಜಾಗದಲ್ಲಿ ತೇಯುತ್ತದೆ, ಕತ್ತರಿಸಿಹೋಗುತ್ತದೆ. ನೈಲಾನ್ ಹಿಡಿದರೆ ಅದರಲ್ಲಿ ಆಟ ಏನು ಬಂತು, ಕತ್ತಿ ಹಿಡಿದು ಕಬಡ್ಡಿಗೆ ಇಳಿದಂತೆ.

ಗಾಳಿಗುಂಗು

@ಹದ್ದಿನ ಕಣ್ಣು, ಒಳ್ಳೆಯದಾಯಿತು ಹೇಳಿದ್ದು. ನಮ್ಮ ದಾರಗಳಿಗೆ ಗಾಜಿನ ಪುಡಿ ಇಲ್ಲ, ಹಾಗಂತ ಅವು ಸಾಧು ಅಲ್ಲ. ಎರಡು ದಾರದ ಪಟ ಜೋರಾಗಿ ಓಡುವಾಗ ಆ ದಾರ ಕಿವಿಗೋ ಕೈಗೋ ತಾಗಿದರೆ ಸೀಳುತ್ತದೆ. ಅದಕ್ಕೇ ಪಟದ ಕೆಳಗೆ ಜನ ಬಂದರೆ ನಾನು ಇಳಿಸಿಬಿಡುತ್ತೇನೆ. ದಾರದ ಸಣ್ಣ ತುಂಡುಗಳನ್ನೂ ಬಿಡದೆ ಜೇಬಿಗೆ ಹಾಕಿಕೊಂಡು ಬನ್ನಿ. ಇನ್ನೊಂದು, ಕಾರ್ಬನ್ ವಿದ್ಯುತ್ ಹರಿಯಬಿಡುತ್ತದೆ. ಕರೆಂಟ್ ತಂತಿ ಹತ್ತಿರ ಬೇಡವೇ ಬೇಡ, ಏಪ್ರಿಲ್ ಮೇ ಸಂಜೆ ಗುಡುಗು ಕೇಳಿದರೆ ಬೇಗ ಮಡಚಿ.

ನಿಯಮಪಾಲಕ

ಸುಮ್ನೆ ಒಂದು ಮಾಹಿತಿ: ನಮ್ಮ ದೇಶದ 1934ರ ವಿಮಾನ ಕಾಯ್ದೆಯಲ್ಲಿ ವಿಮಾನ ಅನ್ನುವುದರ ವ್ಯಾಖ್ಯೆಯೊಳಗೆ ಗಾಳಿಪಟವನ್ನೂ ಸೇರಿಸಿದ್ದರು. ಗಾಳಿಗುಂಗು ಅವರದ್ದು ಕಪಾಟಲ್ಲ, ವಿಮಾನದ ಹ್ಯಾಂಗರ್. ತಮಾಷೆ ಬಿಟ್ಟು, ಜಕ್ಕೂರು, ಎಚ್‌ಎಎಲ್, ಯಲಹಂಕದ ವಿಮಾನ ನೆಲೆಗಳ ಹತ್ತಿರದವರು ಎತ್ತರಕ್ಕೆ ಬಿಡಬೇಡಿ.

ಕುಂದಾನಗರಿ

ಬೆಳಗಾವಿಯಿಂದ. ನಮ್ಮಲ್ಲಿ ಅಂತರರಾಷ್ಟ್ರೀಯ ಗಾಳಿಪಟ ಉತ್ಸವ ಆಗುತ್ತದೆ, ಹೊರದೇಶದವರು ತರುವ ಆನೆ, ಮೀನು, ಆಕ್ಟೋಪಸ್ ಥರದ ಊದಿದ ಪಟ ನೋಡಲು ಮಂದಿಯೋ ಮಂದಿ. ಅದರಲ್ಲಿ ನನಗೆ ಮನಸ್ಸು ಹೋದದ್ದು ರೊಕ್ಕಾಕು ಮೇಲೆ. ಮನೆಯಲ್ಲೇ ಹೊಲಿಯಬಹುದಾ ರೀ? ಸುಲಭವಾಗಿ ಹರಿಯದಂತೆ ನೇಯ್ದ ರಿಪ್‌ಸ್ಟಾಪ್ ಬಟ್ಟೆ ನಮ್ಮ ಪೇಟೆಯಲ್ಲಿ ಸಿಗಲಿಲ್ಲ.

ಗಾಳಿಗುಂಗು

ಆರಾಮಾಗಿ ಹೊಲಿಯಬಹುದು. ರಿಪ್‌ಸ್ಟಾಪ್ ಸಿಗದಿದ್ದರೆ ಕೊಡೆ ಬಟ್ಟೆ ತೆಗೆದುಕೊಳ್ಳಿ, ಗಾಳಿ ಸೋರುವುದಿಲ್ಲ. ಸ್ವಲ್ಪ ತೂಕ ಜಾಸ್ತಿ, ಅದಕ್ಕೆ ಸಣ್ಣ ಗಾಳಿಯಲ್ಲಿ ಏಳುವುದಿಲ್ಲ ಅಷ್ಟೇ, ನಿಮ್ಮ ಊರಿನ ಗಾಳಿಗೆ ನಡೆಯುತ್ತದೆ. ಕತ್ತರಿಯಲ್ಲಿ ಕತ್ತರಿಸಬೇಡಿ, ಅಂಚು ಎಳೆ ಬಿಡುತ್ತದೆ. ಬಟ್ಟೆಯನ್ನು ಗಾಜಿನ ಮೇಲೆ ಹಾಸಿ, ಸ್ಟೀಲ್ ಪಟ್ಟಿ ಇಟ್ಟು ಸೋಲ್ಡರಿಂಗ್ ಐರನ್‌ನಲ್ಲಿ ಗೆರೆ ಎಳೆಯಿರಿ. ಕತ್ತರಿಸುವುದೂ ಅಂಚು ಕರಗಿ ಕೂಡಿಕೊಳ್ಳುವುದೂ ಒಟ್ಟಿಗೇ ಆಗುತ್ತದೆ. ಕಿಟಕಿ ತೆಗೆದಿರಲಿ, ಹೊಗೆ ಕೆಟ್ಟದ್ದು. ಹೊಲಿಗೆಗೆ 11ನೇ ನಂಬರ್ ಸೂಜಿ, ಪಾಲಿಯೆಸ್ಟರ್ ದಾರ. ಹತ್ತಿದಾರ ಬೇಡ, ನೆನೆದು ಕೊಳೆಯುತ್ತದೆ.

ಮೊದಲನೆಯದಕ್ಕೆ 4 ಅಡಿ ಅಗಲ 5 ಅಡಿ ಎತ್ತರ ಇಟ್ಟುಕೊಳ್ಳಿ, ಲೆಕ್ಕ ಸುಲಭ. ಕಡ್ಡಿಗೆ ಬಿದಿರು ಸಾಕು.

ಕುಂದಾನಗರಿ

ಸೂತ್ರ ಎಲ್ಲಿ ಕಟ್ಟಬೇಕು? ಅದೇ ತಲೆ ತಿನ್ನುತ್ತಿದೆ.

ಗಾಳಿಗುಂಗು

ಎಡಕ್ಕೂ ಬಲಕ್ಕೂ, ಬೆನ್ನುಕಡ್ಡಿಗೂ ಅಡ್ಡಕಡ್ಡಿಯ ತುದಿಗೂ ಸರಿಯಾಗಿ ನಡುವೆ, ಮೇಲಿನ ಕಡ್ಡಿಗೆ ಎರಡು, ಕೆಳಗಿನದಕ್ಕೆ ಎರಡು. ಮೇಲಿನ ಎರಡು ಕಾಲು ಒಂದು ಗಂಟಿಗೆ, ಕೆಳಗಿನ ಎರಡು ಇನ್ನೊಂದಕ್ಕೆ. ಆ ಎರಡು ಗಂಟಿನ ನಡುವಿನ ದಾರಕ್ಕೆ ಜಾರುವ ಹಾಗೆ ಒಂದು ಉಂಗುರ ಹಾಕಿ, ಹಾರಿಸುವ ದಾರ ಅದಕ್ಕೆ. ಗಾಳಿ ಜೋರಿದ್ದರೆ ಉಂಗುರ ಒಂದು ಬೆರಳಷ್ಟು ಮೇಲಕ್ಕೆ, ಕಮ್ಮಿ ಇದ್ದರೆ ಕೆಳಕ್ಕೆ. ಪಟ ಒಂದೇ ಬದಿಗೆ ಎಳೆಯುತ್ತಿದ್ದರೆ ಉಂಗುರ ಮುಟ್ಟುವ ಮೊದಲು ಎಡಬಲದ ಕಾಲುಗಳನ್ನು ಒಟ್ಟಿಗೆ ಹಿಡಿದು ಅಳತೆ ನೋಡಿ.

ಮಗ್ಗದ ಬೀದಿ

ಬಿದಿರು ಆರಿಸುವಾಗ ಗೆಣ್ಣು ದೂರ ದೂರ ಇರುವುದು ನೋಡಿ. ಹಸಿ ಬಿದಿರು ಬೇಡ, ಒಣಗಿದ ಮೇಲೆ ಸೊಟ್ಟ ಆಗುತ್ತದೆ. ಸಿಪ್ಪೆಯ ಬದಿ ಹೆರೆಯಬೇಡಿ, ಗಟ್ಟಿ ಇರುವುದು ಅಲ್ಲೇ. ಒಳಗಿನ ಬದಿಯಿಂದ ಹೆರೆಯುತ್ತ ಬನ್ನಿ. ಎರಡೂ ಅಡ್ಡಕಡ್ಡಿಯನ್ನು ಒಂದೇ ಬೊಂಬಿನಿಂದ ಸೀಳಿಕೊಂಡರೆ ಬಾಗು ಒಂದೇ ಥರ ಬರುತ್ತದೆ.

ಕುಂದಾನಗರಿ

ಕೊಡೆ ಬಟ್ಟೆಗೆ ನಾಳೆಯೇ ಪೇಟೆಗೆ ಹೋಗುತ್ತೇನೆ. ಕಪ್ಪು ಬಿಟ್ಟು ಬೇರೆ ಬಣ್ಣ ಸಿಗುತ್ತದಾ ನೋಡಬೇಕು.